ಬಲಗಡೆಯ ನವಿಲು

ಮಾರ್ಸೇಲ್, ಫ್ರಾನ್ಸ್
೨೨ ಏಪ್ರಿಲ್ ೨೦೨೫

ದಿಲಶಾದ್ ಭಾಬಿಗೆ ನಾದಿನಿ ತಬಸುಮಳ ಸಲಾಂ.

ದಿನಾ ಫೋನು ಮಾಡುತ್ತೇವಲ್ಲ, ಪತ್ರ ಯಾಕೆ ಎಂದು ಕೇಳಬೇಡ. ಫೋನು ಅಣ್ಣನದು. ಅವನು ಅದನ್ನು ಸ್ಪೀಕರಿಗೆ ಹಾಕಿ ಪಡಸಾಲೆಯ ನಡುವೆ ಇಡುತ್ತಾನೆ. ‘ಊಟಾತ?’ ‘ಆತು.’ ‘ಥಂಡಿ ಐತೇನ?’ ‘ಐತಿ.’ ಅಷ್ಟರಲ್ಲಿ ಓಣಿಯವರು ಒಬ್ಬೊಬ್ಬರೇ ಬಗ್ಗಿ ಸಲಾಂ ಹೇಳುತ್ತಾರೆ. ನಿನ್ನ ದನಿ ಎಲ್ಲೋ ಒಲೆಯ ಹತ್ತಿರದಿಂದ ಹೊರಟು ಅಲ್ಲೇ ನಿಲ್ಲುತ್ತದೆ. ಎದುರಿಗೆ ನಿಂತರೇ ನನಗೆ ಮಾತು ಬರುವುದಿಲ್ಲ, ಇನ್ನು ಓಣಿಯೆಲ್ಲ ಕೇಳುವಾಗ ಏನು ಬಂದೀತು? ಐದನೇ ಈಯತ್ತೆಗೆ ಶಾಲೆ ಬಿಟ್ಟ ಕೈ ಇದು. ತಪ್ಪಿದ್ದಲ್ಲಿ ನೀನೇ ತಿದ್ದಿಕೋ.

ಇದು ನೀನು ನೋಡಬೇಕಾಗಿದ್ದ ಊರು. ಅಮ್ಮನ ಜೋಡಿ ಕೂತು ಜಮಖಾನೆ ನೇಯಲು ಇಲ್ಲಿಯವರು ಕರೆದದ್ದು ನಿನ್ನನ್ನು. ಡಾಕ್ಟರಬಾಯಿ ನಿನ್ನ ಹೊಟ್ಟೆಯ ಮೇಲೆ ಕೈಯಿಟ್ಟು ‘ವಿಮಾನ ಬ್ಯಾಡ’ ಅಂದದ್ದಕ್ಕೆ ನಾನು ಬಂದೆ. ನೇಯಲು ಅಲ್ಲ. ಅಡಿಗೆ ಮಾಡಿ ಹಾಕಲು, ದಾರದ ಉಂಡೆ ಸುತ್ತಿ ಕೊಡಲು. ನಿನ್ನ ಸ್ವೆಟರನ್ನೇ ಹಾಕಿಕೊಂಡಿದ್ದೇನೆ. ತೋಳು ಗಿಡ್ಡ.

ಊರು ಸಮುದ್ರಕ್ಕೆ ಅಂಟಿಕೊಂಡಿದೆ. ನಾವಿರುವುದು ಗುಡ್ಡದ ಮೇಲಿನ ಹಳೆಯ ಓಣಿಯಲ್ಲಿ. ನಮ್ಮ ನವಲಗುಂದದ ಓಣಿಯಷ್ಟೇ ಇಕ್ಕಟ್ಟು. ಮೇಲೆ ಕಿಟಕಿಯಿಂದ ಕಿಟಕಿಗೆ ಹಗ್ಗ, ಹಗ್ಗದ ತುಂಬ ಒದ್ದೆ ಬಟ್ಟೆ. ಕೆಳಗೆ ಬರೀ ಅಂಗಡಿ. ಸಾಬೂನಿನದು, ಮಣ್ಣಿನ ಗೊಂಬೆಯದು, ದೋಣಿಯ ಆಕಾರದ ಬಿಸ್ಕೀಟಿನದು. ಇವುಗಳ ನಡುವೆ ನಮ್ಮನ್ನು ಕರೆಸಿದ ಸೋಲಾಂಜ್ ಬಾಯಿಯ ನೇಯ್ಗೆಯ ಅಂಗಡಿ. ‘ಬಾಯಿ’ ಎಂದು ಸೇರಿಸಿದ್ದು ಅಮ್ಮ. ಆಕೆ ಬಹಳ ವರ್ಷ ಜೈಪುರದಲ್ಲಿದ್ದವಳು, ಹಿಂದಿ ಮಾತಾಡುತ್ತಾಳೆ. ಟಿವಿ ನೋಡಿ ಕಲಿತದ್ದು ನನಗೆ ಒಂದಿಷ್ಟು ಬರುತ್ತದೆ, ಅಮ್ಮನಿಗೆ ಬರುವುದಿಲ್ಲ; ನಮಗೆ ಅಷ್ಟೇ ದೊಡ್ಡದು.

ಇಲ್ಲಿ ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಎನ್ನಬೇಕು. ಅನ್ನದಿದ್ದರೆ ಅಂಗಡಿಯವರು ತಲೆ ಎತ್ತುವುದಿಲ್ಲ. ಇದು ಗೊತ್ತಿಲ್ಲದೆ ಅಮ್ಮ ಮೊದಲ ದಿನ ಸಾಬೂನಿನ ಅಂಗಡಿಗೆ ಹೋಗಿ ಒಂದು ಹಸಿರು ಗಟ್ಟಿ ಎತ್ತಿ ಮೂಸಿ, ‘ಏಟ್ ಕೊಡ್ತೀಯವಾ?’ ಎಂದು ನೇರ ಕೇಳಿಬಿಟ್ಟಳು. ಆಕೆ ಬೇರೆ ಕಡೆ ನೋಡಿದಳು. ‘ಕಿವಿ ಕೇಳೂದಿಲ್ಲೇನ ಈಕಿಗೆ, ಪಾಪ’ ಎಂದು ಅಮ್ಮ ಮರುಗಿದಳು. ಹಳೆಯ ಬಂದರಿನ ಆಚೆ ನೊವಾಯ್ ಎಂಬ ಸಂತೆ ಇದೆ. ಅಲ್ಲಿ ಬೋಂಜೂರೂ ಬೇಡ. ಅಲ್ಜೀರಿಯಾ, ಟುನೀಸಿಯಾ ಕಡೆಯವರು. ಸಲಾಂ ಅಂದರೆ ಸಾಕು. ಪುದೀನಾ ಮಾರುವ ಫತೀಹಾ ಎಂಬಾಕೆ ಅಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟು ಒಂದು ಸಿವುಡು ಪುದೀನಾ ಕೈಗೆ ತುರುಕಿದಳು. ಈಗ ಇಬ್ಬರೂ ದಿನಾ ಭೆಟ್ಟಿ. ಆಕೆ ಅರಬಿಯಲ್ಲಿ ಬೈಯುತ್ತಾಳೆ, ಅಮ್ಮ ಕನ್ನಡದಲ್ಲಿ ಬೈಯುತ್ತಾಳೆ, ಯಾರನ್ನು ಬೈಯುತ್ತಾರೋ ಗೊತ್ತಿಲ್ಲ, ಇಬ್ಬರೂ ನಗುತ್ತಾರೆ.

ಮಗ್ಗದ ಸುದ್ದಿ ಹೇಳಬೇಕು. ನಮ್ಮ ಮನೆಯಲ್ಲಿ ಮಗ್ಗ ಗೋಡೆಗೆ ಹತ್ತಿ ನಿಂತಿರುತ್ತದೆ. ನೀವಿಬ್ಬರೂ ಗೋಡೆಗೆ ಮುಖ ಮಾಡಿ ಕೂಡುತ್ತೀರಿ. ಇಲ್ಲಿ ಮಗ್ಗವನ್ನು ಓಣಿಯ ಕಡೆಯ ದೊಡ್ಡ ಗಾಜಿಗೆ ಎದುರಾಗಿ ನಿಲ್ಲಿಸಿದ್ದಾರೆ, ಹಾದು ಹೋಗುವವರು ನೋಡಲಿ ಎಂದು. ಇಬ್ಬರು ಕೂಡುವಷ್ಟು ಅಗಲ ಹಾಸಿನ ಎಳೆ ಹೂಡಿದ್ದಾರೆ. ಅಮ್ಮ ಎಡಗಡೆ ಕೂತು ತನ್ನ ನವಿಲನ್ನು ಶುರು ಮಾಡಿದ್ದಾಳೆ. ಬಲಗಡೆ ಬರೀ ಎಳೆಗಳು ನಿಂತಿವೆ.

ಸೋಲಾಂಜ್ ಬಾಯಿ ನನ್ನನ್ನು ತೋರಿಸಿ ಕೇಳಿದಳು, ಮಗಳು ನೇಯುವುದಿಲ್ಲವೇ ಎಂದು.

‘ಮಗಳಿಗೆ ಕಲಿಸೂದಿಲ್ರಿ ನಮ್ಮಾಗ’ ಎಂದಳು ಅಮ್ಮ. ‘ಮಗಳು ಪರರ ಮನಿಗೆ ಹೋಗಾಕಿ. ಕಸಬು ಆಕಿ ಸಂಗಟ ಹೋಗಿಬಿಡತೈತಿ. ಸೊಸಿಗೆ ಕಲಿಸ್ತೀವಿ. ಸೊಸಿ ಮನ್ಯಾಗ ಇರಾಕಿ.’

ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಅವಳು ‘ಆದರೆ ಈಕೆ ಈಗ ನಿಮ್ಮ ಮನೆಯಲ್ಲೇ ಇದ್ದಾಳಲ್ಲ?’ ಎಂದಳು.

ಅದನ್ನು ನಾನು ಅಮ್ಮನಿಗೆ ತಿರುಗಿಸಿ ಹೇಳಲಿಲ್ಲ.

ತಂಪಾಗಿರು. ಹುಣಸೆಹಣ್ಣು ಕಡಿಮೆ ತಿನ್ನು.

ನಿನ್ನ,
ತಬಸುಮ್


ನವಲಗುಂದ
೯ ಮೇ ೨೦೨೫

ತಬಸುಮ್ ಆಪಾ, ಸಲಾಂ.

ನಿನ್ನ ಪತ್ರ ಬಂದದ್ದು ಊರಿಗೇ ಗೊತ್ತಾಯಿತು. ಪೋಸ್ಟಿನ ಗಂಗಪ್ಪ ಕಾಕಾ ಓಣಿಯ ತುದಿಯಿಂದಲೇ ‘ಶರೀಫಸಾಬನ ಮನೀಗೆ ಫ್ರಾನ್ಸ್ ಬಂತ್ರಪೋ’ ಎಂದು ಕೂಗುತ್ತ ಬಂದ. ಲಕೋಟೆಯ ಮೇಲಿನ ಟಿಕೇಟು ಕಿತ್ತು ಕೊಡುವ ತನಕ ಹೊಸ್ತಿಲು ಬಿಡಲಿಲ್ಲ. ನಿನ್ನ ಅಣ್ಣ ‘ಏನ್ ಬರದಾಳ?’ ಅಂದರು. ‘ಸಾಬೂನಿನ ಸುದ್ದಿ’ ಅಂದೆ. ಸುಳ್ಳಲ್ಲ.

ಆ ಸಾಬೂನು ಈಗ ಎಲ್ಲರಿಗೂ ಬೇಕಾಗಿದೆ. ಎದುರು ಮನೆಯ ಅನ್ನವ್ವ ದೊಡ್ಡವ್ವ ‘ನನಗ ಹಸರೂದು ಬ್ಯಾಡವಾ, ಬಿಳೇದು ತರಾಕ ಹೇಳು, ಒಂದ್ ತಿಕ್ಕಿನ್ಯಾಗ ಬಣ್ಣ ಬರ್ತೈತೇನ ನೋಡೂಣು’ ಎನ್ನುತ್ತಾಳೆ. ಎಪ್ಪತ್ತು ದಾಟಿದ ಮೇಲೆ ಯಾವ ಬಣ್ಣವೋ. ನನಗೆ ಏನೂ ಬೇಡ. ಆ ದೋಣಿ ಬಿಸ್ಕೀಟು ಕೆಡುವುದಿಲ್ಲವಾದರೆ ತಾ.

ನಿನ್ನ ಅಣ್ಣ ದಿನಾ ಒಂದು ಹೊಸ ಸುದ್ದಿ ತರುತ್ತಾರೆ. ‘ಆ ದೇಶದಾಗ ನೀರಿನ ಬದಲಿ ದಾರೂನ ಕುಡೀತಾರಂತ. ಸಂಜೀಕ ಓಣ್ಯಾಗ ಹೆಣ್ಣುಮಕ್ಕಳೂ ಲೋಟ ಹಿಡಕೊಂಡ ನಿಂದರತಾರಂತ.’ ನಿಜವೇ? ನೀವು ಸಂಜೆಗೆ ಕದ ಹಾಕಿಕೊಂಡು ಒಳಗೇ ಇರಿ.

ಇಲ್ಲಿ ಬಿಸಿಲು ತಲೆ ಸೀಳುತ್ತಿದೆ. ಮಗ್ಗಕ್ಕೆ ಚಾದರ ಹೊದಿಸಿದ್ದೇನೆ. ಮೊನ್ನೆ ಅದನ್ನು ತೆಗೆದು ಒಂದಿಷ್ಟು ನೇಯೋಣ ಎಂದು ಕೂತೆ. ಹೊಟ್ಟೆ ಅಡ್ಡ ಬರುತ್ತದೆ, ಕೈ ಮುಟ್ಟುವುದಿಲ್ಲ. ಅಷ್ಟೇ ಆಗಿದ್ದರೆ ಸರಿ. ಎಡಗಡೆ ಅಮ್ಮ ಇಲ್ಲದೆ ನನ್ನ ಕೈಗೆ ದಾರಿಯೇ ಸಿಗಲಿಲ್ಲ. ಅವರು ಎಳೆ ಕೂಡಿಸಲು ಹಣಿಗೆ ಹೊಡೆದ ಸಪ್ಪಳಕ್ಕೆ ನಾನು ಹೊಡೆಯುತ್ತಿದ್ದೆ ಅನ್ನುವುದು ಈಗ ತಿಳಿಯಿತು.

ಆಪಾ, ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಅಮ್ಮನ ಬಲಕ್ಕೆ ಯಾರು ಕೂಡುತ್ತಾರೆ? ಖಾಲಿ ಇದೆ ಎಂದು ಬರೆದಿದ್ದೀ. ಖಾಲಿಯೇ ಇದೆ ತಾನೇ? ಇದು ಹೊಟ್ಟೆಕಿಚ್ಚು ಎಂದು ನನಗೂ ಗೊತ್ತು. ಅಳ್ನಾವರದಿಂದ ನಾನು ಈ ಮನೆಗೆ ಬಂದಾಗ ಒಂದು ಟ್ರಂಕು, ಎರಡು ಚಾದರ. ಅದಕ್ಕೂ ಕೆಲವರು ನಕ್ಕರು. ನೀನು ಆಗ ಕುಂದಗೋಳದಲ್ಲಿ ಗಂಡನ ಮನೆಯಲ್ಲಿದ್ದಿ, ನಿನಗೆ ಗೊತ್ತಿಲ್ಲ. ಮೂರನೆಯ ದಿನ ಅಮ್ಮ ನನ್ನ ಕೈ ಹಿಡಿದು ಮಗ್ಗದ ಬಲಗಡೆ ಕೂಡಿಸಿ, ‘ಇನ್ನ ಇದು ನಿಂದು’ ಅಂದರು. ಈ ಮನೆಯಲ್ಲಿ ನನ್ನದು ಎಂದು ಯಾರಾದರೂ ಕೊಟ್ಟದ್ದು ಅದೊಂದೇ.

ಅಮ್ಮನಿಗೆ ಮೊಣಕಾಲಿನ ಎಣ್ಣೆ ಹಚ್ಚುವುದು ಮರೆಯಬೇಡ.

ದಿಲಶಾದ್


ಮಾರ್ಸೇಲ್
೨೮ ಮೇ ೨೦೨೫

ಭಾಬಿ,

ಅಣ್ಣ ಹೇಳಿದ್ದು ಅರ್ಧ ನಿಜ. ನೀರೂ ಕುಡಿಯುತ್ತಾರೆ.

ಸಂಜೆ ಊಟಕ್ಕೆ ಮೊದಲು ಇಲ್ಲಿಯ ಮಂದಿ ಒಂದಿಷ್ಟು ಹೊತ್ತು ಕುಡಿಯಲು ಕೂಡುತ್ತಾರೆ. ಅದಕ್ಕೆ ‘ಅಪೆರೋ’ ಎನ್ನುತ್ತಾರೆ. ನಾವು ಸಂಜೆಯ ಚಹಾಕ್ಕೆ ಕೂತ ಹಾಗೆಯೇ. ಕುರ್ಚಿ ಮೇಜು ಎಲ್ಲ ಓಣಿಗೆ ಬರುತ್ತವೆ. ಮುದುಕರು, ಎಳೆ ಕೂಸಿನ ತಾಯಂದಿರು, ನಾಯಿಗಳು, ಎಲ್ಲರೂ ಇರುತ್ತಾರೆ. ಒಬ್ಬ ಒಂದು ಲೋಟ ಇಟ್ಟುಕೊಂಡು ತಾಸುಗಟ್ಟಲೆ ಮಾತಾಡುತ್ತಾನೆ. ಇನ್ನೂ ಕೆಳಗೆ ಬಂದರಿನ ಹತ್ತಿರ ಒಂದು ದೊಡ್ಡ ಚಪ್ಪರವಿದೆ, ಅದರ ಒಳಮೈ ಪೂರ್ತಿ ಕನ್ನಡಿ. ಅದರ ಕೆಳಗೆ ಹುಡುಗರು ಬಾರಿಸುತ್ತಾರೆ, ಕುಣಿಯುತ್ತಾರೆ. ಮೇಲೆ ನೋಡಿದರೆ ಎಲ್ಲರೂ ತಲೆಕೆಳಗಾಗಿ ಕುಣಿಯುತ್ತಿರುತ್ತಾರೆ. ಒಂಬತ್ತು ದಾಟಿದರೂ ಬೆಳಕಿರುತ್ತದೆ. ಮಗ್ರಿಬ್ ನಮಾಜಿಗೆ ಕಾದು ಕಾದು ಅಮ್ಮ ‘ಈ ಊರಾಗ ಸೂರ್ಯಾಗ ಮನಿ ಮಠ ಇಲ್ಲೇನ?’ ಎನ್ನುತ್ತಾಳೆ.

ಒಂದು ಘಾತ ಆಗುವುದಿತ್ತು, ಕೇಳು. ಬಾಜೂಕಿನ ಕುಡಿಯುವ ಅಂಗಡಿಯ ಮುದುಕ ಒಳ್ಳೆಯವನು. ಒಂದು ಸಂಜೆ ಅವನು ಅಮ್ಮನಿಗೆ ಗೌರವದಿಂದ ಒಂದು ತಟ್ಟೆಯಲ್ಲಿ ಲೋಟ, ತಂಪು ನೀರಿನ ಹೂಜಿ ತಂದಿಟ್ಟ. ಲೋಟದ ತಳದಲ್ಲಿ ಜೇನಿನ ಬಣ್ಣದ್ದು ಏನೋ. ನೀರು ಹಾಕಿದ ಕೂಡಲೇ ಹಾಲಿನ ಹಾಗೆ ಬೆಳ್ಳಗಾಯಿತು. ಬಡೇಸೋಪಿನ ವಾಸನೆ ಘಮ್ಮೆಂದಿತು.

‘ಸೋಪಿನ ಪಾನಕ’ ಎಂದಳು ಅಮ್ಮ. ‘ನೋಡಿದ್ಯಾ, ಉಂಡಮ್ಯಾಲೆ ಸೋಪು ತಿನ್ನೂದು ಇವರಿಗೂ ಗೊತ್ತೈತಿ. ಹೊಟ್ಟಿಗೆ ಭಾಳ ಛಲೋ.’

ಲೋಟ ತುಟಿಯ ಹತ್ತಿರ ಹೋಗಿತ್ತು. ಅಷ್ಟರಲ್ಲಿ ಪುದೀನಾ ಬುಟ್ಟಿ ಹೊತ್ತು ಬರುತ್ತಿದ್ದ ಫತೀಹಾ ‘ಹರಾಂ! ಹರಾಂ!’ ಎಂದು ಚೀರುತ್ತ ಓಡಿ ಬಂದು ಲೋಟ ಕಸಿದುಕೊಂಡಳು. ಅದು ಇಲ್ಲಿಯ ಹೆಸರುವಾಸಿ ದಾರೂ, ಪಾಸ್ತೀಸ್ ಎಂದು ಆಮೇಲೆ ಸೋಲಾಂಜ್ ಬಾಯಿ ಹೇಳಿದಳು. ಮುದುಕನಿಗೆ ಅವಳಿಂದ ಮಂಗಳಾರತಿ ಆಯಿತು. ಅವನು ಕಿವಿ ಹಿಡಿದುಕೊಂಡ. ಈಗ ದಿನಾ ನಮಗೆ ಪುದೀನಾದ ಹಸಿರು ಶರಬತ್ತು ಕಳಿಸುತ್ತಾನೆ. ಹಲ್ಲು ತಿಕ್ಕುವ ಪೇಸ್ಟು ಕುಡಿದಂತಾಗುತ್ತದೆ, ಆದರೆ ತಂಪು. ಅಮ್ಮ ಮೂರು ಸಲ ತೌಬಾ ಹೇಳಿ, ಮಲಗುವ ಮುಂದೆ ಮೆಲ್ಲಗೆ, ‘ಸುಳ್ಳ ಯಾಕ ಹೇಳ್ಲಿ, ವಾಸನಿ ಮಾತ್ರ ಅಗದಿ ಬರೋಬರಿ ಇತ್ತು’ ಅಂದಳು.

ನಗು ಮುಗಿಯಿತು. ಈಗ ಬರೆಯಬೇಕಾದದ್ದು ಬರೆಯುತ್ತೇನೆ.

ಈ ಕುಡಿಯುವವರು ಲೋಟ ಹಿಡಿದುಕೊಂಡೇ ನಮ್ಮ ಗಾಜಿನ ಎದುರು ನಿಂತು ಅಮ್ಮ ನೇಯುವುದನ್ನು ನೋಡುತ್ತಾರೆ. ನೋಡಿದ ಮೇಲೆ ಖಾಲಿ ಲೋಟವನ್ನು ನಮ್ಮ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಅವನ್ನು ಎತ್ತಿ ಬಾಜೂಕಿನವನಿಗೆ ಒಯ್ದು ಕೊಡುವ ಕೆಲಸ ನನಗೆ ಬಂತು. ಹೀಗಾಗಿ ದಿನಾ ಸಂಜೆ ನಾನು ಗಾಜಿನ ಹೊರಗೆ, ಓಣಿಯಲ್ಲಿ, ಅವರ ನಡುವೆ. ಮೊದಲು ತಲೆ ಎತ್ತಲಿಲ್ಲ. ಒಂದು ದಿನ ಎತ್ತಿದೆ.

ಭಾಬಿ, ಕುಂದಗೋಳದಿಂದ ತವರಿಗೆ ತಿರುಗಿ ಬಂದ ಮೇಲೆ ನಾನು ನಿಮ್ಮಿಬ್ಬರ ಬೆನ್ನು ನೋಡಿದ್ದೇನೆ, ಅಷ್ಟೇ. ನಿನ್ನ ಜಡೆ, ಅಮ್ಮನ ಸೆರಗು. ದಾರದ ಉಂಡೆ ಕೊಡು ಎಂದರೆ ಕೊಟ್ಟೆ. ಇಲ್ಲಿ ಎಳೆಗಳ ಸಂದಿನಿಂದ ಅಮ್ಮನ ಮುಖ ಕಂಡಿತು. ನೇಯುವಾಗ ಅಮ್ಮ ತುಟಿ ಅಲ್ಲಾಡಿಸುತ್ತಾಳೆ, ನಿನಗೆ ಗೊತ್ತಿತ್ತೇ? ಎಳೆಗಳಿಗೆ ಏನೋ ಹೇಳುತ್ತಿರುತ್ತಾಳೆ. ಬೆರಳು ಯಾವ ಎಳೆ ಎತ್ತುತ್ತದೆ, ಯಾವುದನ್ನು ಬಿಡುತ್ತದೆ, ಎಲ್ಲ ನನ್ನ ಮೂಗಿನ ಎದುರಿಗೆ. ಯಾರೂ ನನ್ನನ್ನು ಆಚೆ ಕಳಿಸಲಿಲ್ಲ. ಲೋಟ ಹಿಡಿದವರಲ್ಲಿ ನಾನೂ ಒಬ್ಬಳು.

ಕಳೆದ ಭಾನುವಾರ ಅಂಗಡಿಗಳೆಲ್ಲ ಮುಚ್ಚಿದ್ದವು. ಅಮ್ಮ ಫತೀಹಾಳ ಮನೆಗೆ ಪುದೀನಾ ಚಹಾಕ್ಕೆ ಹೋಗಿದ್ದಳು. ನಾನು ಮಗ್ಗದ ಧೂಳು ಒರೆಸಲು ಹೋದೆ. ಒರೆಸಿದ ಮೇಲೆ ಕೂತೆ. ಬಲಗಡೆಯೇ ಖಾಲಿ ಇದ್ದದ್ದು. ನಾಲ್ಕು ಬೆರಳು ನೇಯ್ದೆ.

ಅಮ್ಮನ ನವಿಲು ಎಡಗಡೆಯಿಂದ ಬಲಕ್ಕೆ ನೋಡುತ್ತದೆ. ನಾನು ಹೊರಗಿನಿಂದ ಕಲಿತವಳು, ನನಗೆ ಎಲ್ಲ ಉಲ್ಟಾ ಕಂಡಿದೆ. ನನ್ನ ಕೈಯಲ್ಲಿ ಬಂದ ನವಿಲಿನ ಕಾಲು ಬಲಗಡೆ ನಿಂತು ಎಡಕ್ಕೆ ಮುಖ ಮಾಡುವಂಥದ್ದು. ಅಮ್ಮನಿಗೆ ಎದುರಾಗಿ ನಿಲ್ಲುವ ಜೋಡಿ ನವಿಲು.

ಅಮ್ಮ ಬಂದು ನೋಡಿದಳು. ಉಗುರಿನಿಂದ ಎಳೆಗಳನ್ನು ಸರಿಸಿ ಸರಿಸಿ ನೋಡಿದಳು.

‘ಇದು ದಿಲಶಾದನ ಹಕ್ಕಿ’ ಅಂದಳು. ‘ಯಾರು ಕಲಿಸಿದ್ರ ನಿನಗ?’

‘ಯಾರೂ ಇಲ್ಲಮ್ಮಾ. ಹೊರಗ ನಿಂತ ನೋಡಿದ್ನಿ.’

‘ಮ್ಯಾಲೆ ಕತ್ತೂ ಬರ್ತೈತೇನ ಹಿಂಗ?’

‘ಬರಬಹುದು. ಬಿಚ್ಚಿ ಬಿಡ್ಲ್ಯಾ?’

ಅಮ್ಮ ಎಳೆಗಳಿಂದ ಕೈ ತೆಗೆದಳು. ‘ನಾ ಹೇಳಾಕ ಬರೂದಿಲ್ಲ’ ಅಂದಳು. ‘ಆ ಜಾಗಾ ನಾ ಆಕಿಗೆ ಕೊಟ್ಟೀನಿ. ಕೊಟ್ಟಿದ್ದರ ಮ್ಯಾಲೆ ನನ್ನ ಮಾತು ನಡಿಯೂದಿಲ್ಲ. ಆಕೀನ್ನ ಕೇಳು.’

‘ಈಗ ಫೋನ್ ಹಚ್ಚಲ್ಯಾ?’

‘ಹುಚ್ಚಿ. ನಿಮ್ಮಣ್ಣ ಶರೀಫ ಬಾಜೂಕ ಕುಂತಿರ್ತಾನ, ಓಣಿ ಮಂದಿ ನಿಂತಿರ್ತಾರ. ಆಕಿ ಏನಂತಾಳ? ಹೂಂ ಅಂತಾಳ. ಅಂಥಾ ಹೂಂ ನನಗ ಬ್ಯಾಡ. ಬರದ ಕೇಳು. ಬ್ಯಾಡ ಅನ್ನೂದಿದ್ರ ಬ್ಯಾಡ ಅನ್ಲಿ.’

ಅದಕ್ಕೇ ಕೇಳುತ್ತಿದ್ದೇನೆ. ನಾಲ್ಕು ಬೆರಳು ಹಾಗೇ ಇದೆ. ನಿನ್ನ ಉತ್ತರ ಬರುವ ತನಕ ನಾನು ಮುಟ್ಟುವುದಿಲ್ಲ.

ನನಗೆ ಬೇಕು ಭಾಬಿ. ಸುಳ್ಳು ಬರೆಯಲಾರೆ. ಆದರೆ ನೀನು ಹೇಳಿದಂತೆ.

ತಬಸುಮ್


ನವಲಗುಂದ
೧೬ ಜೂನ್ ೨೦೨೫

ಆಪಾ,

ಬಕ್ರೀದ್ ಚೆನ್ನಾಗಿ ಆಯಿತು. ಒಂದು ಮಳೆ ಬಿದ್ದಿದೆ, ಹೆಸರು ಬಿತ್ತುತ್ತಿದ್ದಾರೆ.

ಬಿಚ್ಚಿಬಿಡು.

ನಾಳಿದ್ದು ಹೆರಿಗೆಗೆ ಎಂದು ಅಳ್ನಾವರಕ್ಕೆ ಹೊರಟಿದ್ದೇನೆ. ಅಮ್ಮನಿಗೆ ಸಲಾಂ.

ದಿಲಶಾದ್


ಮಾರ್ಸೇಲ್
೩೦ ಜೂನ್ ೨೦೨೫

ಭಾಬಿ,

ನಿನ್ನ ಪತ್ರ ಮೊನ್ನೆ ಶನಿವಾರ ಬಂತು. ಅಂದೇ ಬಿಚ್ಚಿದೆ.

ನೇಯುವುದನ್ನು ನೋಡಲು ಬರುವವರು ಬಿಚ್ಚುವುದನ್ನು ನೋಡಲೂ ನಿಂತರು. ಒಬ್ಬ ಹುಡುಗಿ ಲೋಟ ಕಟ್ಟೆಯ ಮೇಲಿಟ್ಟು ಎರಡೂ ಕೈಯನ್ನು ಗಾಜಿಗೆ ಒತ್ತಿ ‘ಬೇಡ, ಬೇಡ’ ಎಂಬಂತೆ ತಲೆ ಆಡಿಸಿದಳು. ನಾನು ಒಳಗಿನಿಂದ ಅವಳಿಗೆ ನಕ್ಕು ತೋರಿಸಿದೆ. ದಾರ ಹಾಳಾಗಿಲ್ಲ. ಸುತ್ತಿ ಉಂಡೆ ಮಾಡಿ ಇಟ್ಟಿದ್ದೇನೆ.

ಸಂಜೆ ಅಮ್ಮನೇ ಅಡಿಗೆ ಮಾಡಿ ನನಗೆ ಬಡಿಸಿದಳು. ಉಪ್ಪು ಎರಡು ಸಲ ಹಾಕಿದ್ದಳು. ಇಬ್ಬರೂ ಉಂಡೆವು.

ಇಲ್ಲಿ ಈಗ ಅಂಗಡಿಗಳಲ್ಲಿ ಬೆಲೆ ಇಳಿಸಿದ ಸೋಡಿ ಮಾರಾಟ. ಅದಕ್ಕೂ ಸರಕಾರವೇ ತಾರೀಖು ಗೊತ್ತು ಮಾಡುತ್ತದೆ; ಆ ದಿನದಿಂದ ಊರೆಲ್ಲ ಚೀಲ ಹಿಡಿದು ಬೀದಿಗೆ ಬರುತ್ತದೆ. ಸೋಲಾಂಜ್ ಬಾಯಿ ನನ್ನನ್ನೂ ಕರೆದುಕೊಂಡು ಹೋದಳು. ನಿನ್ನ ಕೂಸಿನ ತಲೆಗೆ ಒಂದು ಹಳದಿ ಕುಲಾಯಿ ಕೊಂಡೆ. ಗಂಡಾದರೂ ಆಗುತ್ತದೆ, ಹೆಣ್ಣಾದರೂ ಆಗುತ್ತದೆ. ಅನ್ನವ್ವ ದೊಡ್ಡವ್ವನಿಗೆ ಬಿಳಿಯ ಸಾಬೂನು ಆಯಿತು. ದೋಣಿ ಬಿಸ್ಕೀಟು ಕಲ್ಲಿನಂತೆ ಗಟ್ಟಿ ಇರುತ್ತದೆ, ಕಿತ್ತಳೆ ಹೂವಿನ ವಾಸನೆ, ಕೆಡುವುದಿಲ್ಲವಂತೆ. ಚಹಾದಲ್ಲಿ ಅದ್ದಿ ತಿನ್ನಬೇಕು. ನಿನಗೆ ಒಂದು ಡಬ್ಬಿ ತರುತ್ತೇನೆ.

ನಾನು ಈಗಲೂ ಸಂಜೆ ಲೋಟ ಎತ್ತಲು ಹೊರಗೆ ಹೋಗುತ್ತೇನೆ. ಆದರೆ ಗಾಜಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಇನ್ನು ನೋಡುವುದಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಕೇಳಿದವಳು ನಾನು, ಹೇಳಿದವಳು ನೀನು. ಹೆರಿಗೆ ಸುಸೂತ್ರ ಆಗಲಿ.

ತಬಸುಮ್


ಅಳ್ನಾವರ
೩ ಜುಲೈ ೨೦೨೫

ಆಪಾ,

ಈ ಪತ್ರ ನಿನ್ನ ಕೈಗೆ ಸಿಗುವಷ್ಟರಲ್ಲಿ ನೀನು ಬಿಚ್ಚಿರುತ್ತೀ. ನೀನು ಹೇಳಿದ ಮಾತಿಗೆ ತಪ್ಪುವವಳಲ್ಲ, ಅದೇ ನನಗೆ ಈಗ ಚುಚ್ಚುತ್ತದೆ.

ಹೆರಿಗೆಗೆ ಎಂದು ತವರಿಗೆ ಬಂದೆ. ಇಲ್ಲಿ ಮಳೆ ಬಿಟ್ಟೂ ಬಿಡದೆ ಹಿಡಿದಿದೆ, ಹೊರಗೆ ಕಾಲಿಡುವ ಹಾಗಿಲ್ಲ. ನನ್ನ ತಮ್ಮನ ಹೆಂಡತಿ ಬಹಳ ಒಳ್ಳೆಯವಳು. ಬೆಳಿಗ್ಗೆ ಎದ್ದು ಒಲೆಯ ಹತ್ತಿರ ಹೋದರೆ ‘ಕುಂದರ್ರಿ ಆಪಾ, ನೀವ್ಯಾಕ?’ ಎನ್ನುತ್ತಾಳೆ. ಕಸಬರಿಗೆ ಹಿಡಿದರೆ ‘ಕುಂದರ್ರಿ ಆಪಾ’. ಪಾತ್ರೆ ಮುಟ್ಟಿದರೆ ‘ಕುಂದರ್ರಿ’. ಎರಡು ದಿನ ಸುಖ ಅನಿಸಿತು. ಮೂರನೆಯ ದಿನದಿಂದ ಎಲ್ಲಿ ಕೂಡಬೇಕು ಎಂದೇ ತಿಳಿಯಲಿಲ್ಲ. ನಾನು ಹುಟ್ಟಿದ ಮನೆ ಇದು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಈಗ ಅವಳನ್ನು ಕೇಳಬೇಕು. ಅವಳು ಒಲೆಗೆ ಮುಖ ಮಾಡಿ ಕೆಲಸ ಮಾಡುತ್ತಿರುತ್ತಾಳೆ, ನಾನು ಗೋಡೆಗೆ ಆತು ಕೂತು ಅವಳ ಬೆನ್ನು ನೋಡುತ್ತೇನೆ.

ಇನ್ನೊಂದೂ ಆಯಿತು. ನನ್ನ ತಂಗಿ ಬಂದಿದ್ದಳು. ಅವಳ ಗಂಡನಿಗೆ ಕೆಲಸವಿಲ್ಲ. ‘ಅಕ್ಕಾ, ಇಷ್ಟ ವರ್ಷ ನೇದೀಯಲ್ಲ, ನನಗೂ ಒಂದೀಟು ತೋರಸು, ಹೊಟ್ಟಿಪಾಡಿಗೆ ಆಗತೈತಿ’ ಅಂದಳು. ನಾನು ಅಮ್ಮನಿಗೆ ಮಾತು ಕೊಟ್ಟಿದ್ದೇನೆ, ಅತ್ತೆಯ ಮನೆಯ ಕಸಬನ್ನು ತವರಿಗೆ ಒಯ್ಯುವುದಿಲ್ಲ ಎಂದು. ‘ಬರೂದಿಲ್ಲವಾ, ಅದು ಅಲ್ಲೀದು’ ಅಂದೆ. ಅವಳು ‘ಹೌದಾ?’ ಅಂದಳು. ‘ಸಿಟ್ಟಿಲ್ಲಕ್ಕಾ’ ಎಂದು ಹೇಳಿಯೇ ಹೋದಳು.

ಆಪಾ, ಅವಳಿಗೆ ಸಿಟ್ಟು ಬಂದಿದ್ದರೆ ನಾನು ಮಲಗಿ ನಿದ್ದೆ ಮಾಡುತ್ತಿದ್ದೆ.

ಬಿಚ್ಚಿದ್ದರೆ ಮತ್ತೆ ನೇಯಿ. ಇದನ್ನು ಯಾರೂ ಬಾಜೂಕ ಕೂತು ಹೇಳಿಸುತ್ತಿಲ್ಲ. ತಮ್ಮನ ಫೋನು ಇಲ್ಲೇ ಇದೆ, ಆದರೂ ಬರೆಯುತ್ತಿದ್ದೇನೆ. ನಾನು ದೊಡ್ಡ ಮನಸ್ಸಿನವಳು ಎಂದು ತಿಳಿಯಬೇಡ. ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ. ಕತ್ತಿನ ಹತ್ತಿರ ನೀಲಿ ಎಳೆಯನ್ನು ಬಿಗಿಯಾಗಿ ಎಳೆಯಬೇಡ, ಹಕ್ಕಿ ಗಂಟಲು ಹಿಸುಕಿದ ಹಾಗೆ ಕಾಣುತ್ತದೆ. ಅದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ಒಂದೇ ಮಾತು, ಇದನ್ನು ಅಮ್ಮನಿಗೆ ಓದಿ ಹೇಳು, ಅವರೇ ಉತ್ತರ ಕೊಡಲಿ. ನಾನು ಕೂಸನ್ನು ಎತ್ತಿಕೊಂಡು ನವಲಗುಂದಕ್ಕೆ ಬಂದ ಮೇಲೆ ಎಲ್ಲಿ ಕೂಡಲಿ?

ದಿಲಶಾದ್


ಮಾರ್ಸೇಲ್
೨೫ ಜುಲೈ ೨೦೨೫

ದಿಲಶಾದ್,

ನಿನ್ನ ಅತ್ತಿ ಮಾಬುಬಿ ಮಾತಾಡಾಕ ಹತ್ತೇನಿ. ಬರಿಯಾಕಿ ತಬಸುಮ್. ಹೇಳಿದ್ದು ಹೇಳಿದಂಗ ಬರಿ ಅಂತ ಆಣಿ ಹಾಕೇನಿ, ಒಂದ ಅಕ್ಷರ ಬಿಟ್ಟರೂ ಫತೀಹಾನ ಕಡಿಂದ ಬೈಸತೇನಿ. ಅಕ್ಷರ ಸೊಟ್ಟ ಇದ್ರ ನೀ ತಿಳಕೋ, ಅಳಕೋತ ಬರಿಯಾಕ ಹತ್ತಾಳ. ಇದನ್ನೂ ಬರಿಯೇ. ಯಾಕ ನಿಂತಿ?

ನಿನ್ನ ಕಾಗದ ಬಂತು. ಎರಡ ಸಲ ಓದಿಸಿದೆ. ಹ್ವಾದ ವಾರ ಇಲ್ಲೆ ಇವರದೇನೋ ದೊಡ್ಡ ಹಬ್ಬ. ಸಮುದ್ರದ ಮ್ಯಾಲೆ ಪಟಾಕಿ ಹಾರಿಸಿದ್ರು. ಓಣ್ಯಾಗ ಮುದುಕರು ಮುದುಕೇರ ಕೈ ಹಿಡಕೊಂಡ ಕುಣದ್ರು. ಬಾಜೂಕಿನ ಪಾನಕದ ಮುದುಕ ನನ್ನನ್ನೂ ಕರದ. ನನ್ನ ಮೊಣಕಾಲು ತೋರಿಸಿದೆ, ತಾನೂ ತನ್ನ ಮೊಣಕಾಲು ತೋರಿಸಿದ. ಇಬ್ಬರೂ ಕುಂತ್ವಿ. ಅವಾಗ ಅನಿಸ್ತು ನನಗ, ಕುಂದರೂ ವಯಸ್ಸು ಬಂದೈತಿ ಅಂತ.

ತಬಸುಮ್ ಮತ್ತ ಕುಂತಾಳ, ಬಲಕ್ಕ. ನಿನ್ನ ಮಾತು ಓದಿದ ದಿನಾನ ಕುಂತಳು. ಕೈ ನಿನಗಿಂತ ನಿಧಾನ. ನೀಲಿ ಎಳಿ ಬಿಗೀನ ಎಳದಳು, ನೀ ಹೇಳಿದ ಮ್ಯಾಲೂ ಎಳದಳು, ಹಕ್ಕಿ ಗಂಟಲಾ ಹಿಸಿಕಿದ್ಲು. ಬಿಚ್ಚಿಸಿ ಮತ್ತ ಮಾಡಿಸೇನಿ. ಊರಿಗೆ ಬರೂದ್ರಾಗ ಮುಗಿಯೂದಿಲ್ಲ. ಆ ಬಾಯಿಗೆ ಹೇಳೇನಿ, ಅರ್ಧಾ ಸುತಗೊಂಡ ಹೋಗ್ತೀವಿ, ಮುಗಿಸಿ ಕಳಸ್ತೀವಿ ಅಂತ. ಆಕಿ ಮಾರಿ ಸಣ್ಣದು ಮಾಡಿದ್ಲು. ಮಾಡ್ಲಿ.

ನಿಂಗ ಒಂದ ಹೇಳತೇನಿ ಕೇಳು. ನಮ್ಮ ಅತ್ತಿ ನನಗ ಕಲಿಸಿದಾಗ ಮಗಳಿಗೆ ಕಲಿಸಬ್ಯಾಡ ಅಂದ್ಲು. ಯಾಕಂತ ನಾ ಕೇಳ್ಲಿಲ್ಲ. ಮಗಳು ಮನಿ ಬಿಟ್ಟ ಹೋಗ್ತಾಳ ಅಂದ್ಲು, ಹೋದಾಕಿ ತಿರುಗಿ ಬಂದ್ರ ಏನ ಮಾಡಬೇಕು ಅಂತ ಹೇಳ್ಲಿಲ್ಲ. ಈಕಿ ಬಂದ ದಿನ ನಾ ಮಗ್ಗದ ಮ್ಯಾಲಿಂದ ಎದ್ದ ಈಕೀ ಮಾರಿ ನೋಡಬೇಕಾಗಿತ್ತು. ದಾರದ ಉಂಡಿ ಕೊಟ್ಟೆ. ಬರಿಯೇ. ಅದನ್ನೂ ಬರಿ.

ನಿನ್ನ ತಂಗಿಗೆ ಹೇಳು, ಚೌತಿ ಕಳದ ಮ್ಯಾಲೆ ನವಲಗುಂದಕ್ಕ ಬರ್ಲಿ. ನಮ್ಮ ಮನ್ಯಾಗ ಉಂಡು ನಮ್ಮ ಮನ್ಯಾಗ ಕಲೀಲಿ. ಆಮ್ಯಾಲೆ ಎಲ್ಲಿ ನೇತಾಳೋ ನೇಯ್ಲಿ. ನಾ ಏನು ಆಕೀ ಬೆನ್ನ ಹತ್ತಿ ಹೋಗೂದಿಲ್ಲ.

ಈಗ ನಿನ್ನ ಪ್ರಶ್ನಿ. ಎಲ್ಲಿ ಕುಂದರ್ಲಿ ಅಂತ ಕೇಳಿದಿ. ನೀ ಬಂದಾಗ ತಬಸುಮ್ ಏಳೂದಿಲ್ಲ. ನಿನ್ನ ಜಾಗಾ ನಾ ನಿನಗ ಕೊಟ್ಟೀನಿ, ನೀನೂ ಏಳೂದಿಲ್ಲ. ನಾ ಏಳತೇನಿ.

ಸುಮ್ಮನ ಬರಿ. ಅಮ್ಮಾ ಅಮ್ಮಾ ಅನಬ್ಯಾಡ. ನಾ ಏಳತೇನಿ ಅಂತ ಬರಿ.

ಎಡಗಡೆ ಖಾಲಿ ಆಗತೈತಿ, ನೀವಿಬ್ಬರೂ ಇದ್ದೀರಿ. ಆದ್ರ ಒಂದ ಫಜೀತಿ ಐತಿ. ನಿನಗೂ ಬಲಗಡೆ ಹಕ್ಕೀನ ಬರ್ತೈತಿ, ಈಕಿಗೂ ಬಲಗಡೆ ಹಕ್ಕೀನ ಬರ್ತೈತಿ. ಎಡಗಡೀದು ಇಬ್ಬರಿಗೂ ಬರೂದಿಲ್ಲ. ಯಾರರ ಒಬ್ಬಾಕಿ ಮೊದಲಿಂದ ಕಲೀಬೇಕು. ಯಾರು ಅಂತ ನಾ ಹೇಳೂದಿಲ್ಲ. ನೀವ ಕುಂತು ಜಗಳಾ ಮಾಡ್ರಿ. ಜೋರ ಮಾಡ್ರಿ, ಓಣಿ ಕೇಳ್ಲಿ. ಅಷ್ಟೊತ್ತು ಕೂಸಿನ್ನ ನನ್ನ ತೊಡೀ ಮ್ಯಾಲೆ ಹಾಕ್ರಿ.

ಮಾಬುಬಿ